ಕ್ರಮಸಂಖ್ಯೆ ಒಂದು

ಫೆಬ್ರವರಿ 6

ಅಪ್ಪನಿಗೆ ನಮಸ್ಕಾರಗಳು.

ಈ ಪತ್ರವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ, ಕೂತರೆ ಕೈ ಓಡುತ್ತಿಲ್ಲ. ನಿನ್ನೆ ಮಧ್ಯಾಹ್ನ ಇಲ್ಲಿನ ಹೊಲಿಗೆ ಕೋಣೆಯಲ್ಲಿ ದಿಂಬಿನ ಚೀಲಕ್ಕೆ ಅಂಚು ಹೊಲಿಯುತ್ತಿದ್ದೆ. ತಲೆ ಎತ್ತಿದರೆ ಮೂಲೆಯಲ್ಲಿ ಕ್ಯಾಮೆರಾದ ಕೆಂಪು ದೀಪ. ಹದಿನಾಲ್ಕು ತಿಂಗಳಿಂದ ದಿನಾ ನೋಡುತ್ತಿರುವ ದೀಪವೇ. ನಿನ್ನೆ ಮಾತ್ರ ಅದನ್ನು ನೋಡಿದ ಕೂಡಲೇ ನಮ್ಮ ಅಂಗಡಿಯ ಕ್ಯಾಮೆರಾ ನೆನಪಾಗಿ, ಸೂಜಿ ಬೆರಳಿಗೇ ಹೋಯಿತು.

ನನ್ನ ರಿಪೇರಿ ಅಂಗಡಿಯ ವಿಡಿಯೊ ಮೂವತ್ತು ದಿನಕ್ಕೆ ತಾನಾಗಿಯೇ ಅಳಿಸಿಹೋಗುತ್ತದೆ, ಪೊಲೀಸರು ಕೇಳುವ ಹೊತ್ತಿಗೆ ಏನೂ ಉಳಿದಿರಲಿಲ್ಲ ಎಂದು ಕೋರ್ಟಿನಲ್ಲಿ ನಾನೇ ಹೇಳಿದ್ದೆ. ಅದು ನಿಜ. ಆದರೆ ಆ ವರ್ಷ, ಮಾಡಿ ನೋಡೋಣ ಅಂತ, ಅದರ ಇನ್ನೊಂದು ನಕಲು ಮಹಡಿಯ ಮೇಲಿನ ಹಳೇ ಕಂಪ್ಯೂಟರಿಗೂ ಹೋಗುವ ಹಾಗೆ ಮಾಡಿದ್ದೆ. ನಿಮ್ಮ ಮಂಚದ ಪಕ್ಕ ಕಿಟಕಿಯ ಹತ್ತಿರ ಇದೆಯಲ್ಲ, ಅದಕ್ಕೆ. ಆ ನಕಲನ್ನು ಅಳಿಸು ಅಂತ ನಾನು ಎಲ್ಲೂ ಹೇಳಿಲ್ಲ. ವ್ಯಾನಿನ ಕೀ ನೇತುಹಾಕುವ ಕೊಕ್ಕೆ ಆ ಕ್ಯಾಮೆರಾದ ನೇರಕ್ಕೇ ಇದೆ. ಗೋದಾಮಿನ ಕಾವಲುಗಾರನಿಗೆ ನನ್ನ ವ್ಯಾನು ಗುದ್ದಿದ ಆ ಮಧ್ಯಾಹ್ನ, ಕೊಕ್ಕೆಯಿಂದ ಕೀ ತೆಗೆದದ್ದು ಯಾರ ಕೈ ಅಂತ ಅದರಲ್ಲಿ ಇದ್ದೇ ಇರುತ್ತದೆ. ನನ್ನ ಕೈಯಂತೂ ಅಲ್ಲ. ಅಷ್ಟು ಹೊತ್ತೂ ನಾನು ಹಿಂದಿನ ಮೇಜಿನ ಮೇಲೆ ಬಗ್ಗಿಕೊಂಡು ಬೆಸುಗೆ ಹಾಕುತ್ತಿದ್ದೆ.

ಇಷ್ಟು ದಿನ ಇದು ಹೊಳೆಯಲಿಲ್ಲ ಅಂದರೆ ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಈಗ ಕೇಳಿ. ಮೇಲ್ಮನವಿಯ ವಿಚಾರಣೆ ಜೂನ್ 18ಕ್ಕೆ. ಹೊಸ ಸಾಕ್ಷ್ಯ ಏನಾದರೂ ಇದ್ದರೆ ಜೂನ್ 8ರೊಳಗೆ ಕೊಡಬೇಕು ಎಂದು ವಕೀಲರಮ್ಮ ಹೇಳಿದ್ದಾರೆ. ತಪ್ಪಿದರೆ ಉಳಿದ ಮೂರು ವರ್ಷ ಹತ್ತು ತಿಂಗಳು ದಿಂಬಿನ ಚೀಲವೇ. ಯಾವ ಸಾಕ್ಷ್ಯ ಅಂತ ಅವರಿಗೆ ನಾನಿನ್ನೂ ಹೇಳಿಲ್ಲ. ನೀವು ನೋಡಿ, ಇದೆ ಅಂತ ಬರೆದ ಮೇಲೆ ಹೇಳುತ್ತೇನೆ. 'ಅಂಗಡಿ ನಕಲು' ಎಂಬ ಫೋಲ್ಡರ್ ತೆರೆದು, ಆ ದಿನದ ವಿಡಿಯೊವನ್ನು ಒಂದು ಪೆನ್ ಡ್ರೈವಿಗೆ ಹಾಕಿಕೊಳ್ಳಿ. ಅಷ್ಟೇ ಕೆಲಸ.

ಇಲ್ಲಿನ ಫೋನು ಕೆಟ್ಟು ಎರಡು ತಿಂಗಳಾಯಿತು. ಬಿಚ್ಚಲು ಬಿಟ್ಟರೆ ಅರ್ಧ ಗಂಟೆಯ ಕೆಲಸ ಅಂದೆ. ವಾರ್ಡನ್ ಮೇಡಂ ನಕ್ಕು, "ನಿನ್ನ ಕೈಗೆ ಸ್ಕ್ರೂ ಡ್ರೈವರ್ ಕೊಟ್ರೆ ನಾಳೆ ನಿನ್ನ ಜಾಗದಲ್ಲಿ ನಾನಿರ್ತೀನಿ" ಅಂದರು. ಹಾಗಾಗಿ ಪತ್ರವೇ ಗತಿ. ಕಚೇರಿಯಲ್ಲಿ ಓದಿ, ಮೊಹರು ಹಾಕಿ, ಆಮೇಲೆ ಅಂಚೆಗೆ ಕೊಡುತ್ತಾರೆ. ಒಂಬತ್ತು ದಿನ ಹಿಡಿಯುತ್ತದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುತ್ತೇನೆ.

ನಿಮ್ಮ
ಚಿಮಟಿ


ಫೆಬ್ರವರಿ 27

ಚಿ. ಚಿಮಟಿಗೆ ಅಪ್ಪನ ಆಶೀರ್ವಾದಗಳು.

ದಿನಾಂಕ 6ರ ನಿನ್ನ ಪತ್ರ 15ರಂದು ತಲುಪಿತು. ಉತ್ತರ ತಡವಾದುದಕ್ಕೆ ಕ್ಷಮೆ ಇರಲಿ. ತಡವಾದ ಕಾರಣವನ್ನು ಬರೆಯಲೇಬೇಕಾಗಿದೆ.

ನೀನು ಹೇಳಿದಂತೆ ಕಂಪ್ಯೂಟರ್ ಹಾಕಿದೆ. ಒಳಗೆ ಜಾಗವೇ ಇಲ್ಲ ಎಂದು ಅದು ಪದೇ ಪದೇ ಹೇಳುತ್ತಿತ್ತು. ನಿನ್ನ ತಮ್ಮ ಸಿನಿಮಾ ತುಂಬಿ ತುಂಬಿ ಅದರ ಹೊಟ್ಟೆ ಬಿರಿಯುವಂತೆ ಮಾಡಿದ್ದಾನೆ. ಮೊದಲು ಸ್ವಲ್ಪ ಜಾಗ ಮಾಡೋಣ ಎಂದುಕೊಂಡೆ. ಮೂವತ್ತನಾಲ್ಕು ವರ್ಷ ದಾಖಲೆ ಕೋಣೆಯಲ್ಲಿ ಸವೆದ ಕೈ ಇದು. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ: ಹತ್ತು ವರ್ಷ ಯಾರೂ ತೆಗೆದು ನೋಡದ, ಯಾರ ಸಹಿಯೂ ಇಲ್ಲದ ಕಡತ ವಿಲೇವಾರಿಗೆ ಯೋಗ್ಯ. ಈ ಪೆಟ್ಟಿಗೆಯೊಳಗೆ ಅಂಥವು ಬೇಕಾದಷ್ಟಿದ್ದವು. ತಲೆಬುಡವಿಲ್ಲದ ಹೆಸರು, ಹಳೇ ತಾರೀಖು, ಯಾರೂ ಮುಟ್ಟಿಲ್ಲ. ನಲವತ್ತೊಂದನ್ನು ವಿಲೇವಾರಿ ಮಾಡಿದೆ.

ಮರುದಿನ ಬೆಳಗ್ಗೆ ಹಾಕಿದರೆ ಅದು ಏಳಲೇ ಇಲ್ಲ. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಮೂರು ಸಾಲು ಇಂಗ್ಲಿಷು. ಒಂದು ಅಕ್ಷರವೂ ತಪ್ಪದಂತೆ ನಕಲು ಮಾಡಿ ಇದರ ಜೊತೆಗಿಟ್ಟಿದ್ದೇನೆ. ಅಗತ್ಯದ ಯಾವುದೋ ಕಡತ ಸಿಗುತ್ತಿಲ್ಲ ಎನ್ನುತ್ತಿದೆ ಎಂದು ನನಗೆ ಅರ್ಥವಾಯಿತು. ಅಗತ್ಯದ್ದು ಎಂದು ಅದರ ಮೇಲೆ ಬರೆದಿರಲಿಲ್ಲವಲ್ಲ ಮಗಳೇ.

ಮಂಡಿ ನೋವು ಜಾಸ್ತಿಯಾಗಿದೆ. ಈ ತಿಂಗಳು ನಿನ್ನನ್ನು ನೋಡಲು ಬರಲಾಗಲಿಲ್ಲ. ಊಟ ಸರಿಯಾಗಿ ಮಾಡು.

ಇಂತಿ,
ನಿನ್ನ ತಂದೆ


ಮಾರ್ಚ್ 10

ಅಪ್ಪ,

ಮೊದಲ ಪುಟ ಓದಿ ಹಾಳೆಯನ್ನು ಮುಖಕ್ಕೆ ಮುಚ್ಚಿಕೊಂಡು ಕೂತೆ. ಪಕ್ಕದ ಹಾಸಿಗೆಯವಳು ಯಾರೋ ಹೋಗಿಬಿಟ್ಟರು ಅಂದುಕೊಂಡು ನನ್ನ ಬೆನ್ನು ಸವರಿದಳು. ಹೌದು, ಒಂದು ಹಳೇ ಕಂಪ್ಯೂಟರು ಹೋಗಿದೆ, ಅದನ್ನು ಕೊಂದವರು ನಮ್ಮಪ್ಪ ಅಂದೆ. ಇಬ್ಬರೂ ನಕ್ಕೆವು. ಆಮೇಲೆ ನಾನು ಅತ್ತೆ.

ಆದರೆ ಗಾಬರಿ ಬೇಡ. ನೀವು ತೆಗೆದುಹಾಕಿದ್ದು ಕಂಪ್ಯೂಟರು ಎದ್ದೇಳಲು ಬೇಕಾದ ಫೈಲುಗಳು. ವಿಡಿಯೊ ಬೇರೆ ಜಾಗದಲ್ಲಿದೆ, ಅದಕ್ಕೇನೂ ಆಗಿರುವುದಿಲ್ಲ. ಮನೆಯ ಮುಂಬಾಗಿಲಿನ ಬೀಗ ಕೆಟ್ಟಿದೆ, ಒಳಗಿನ ಸಾಮಾನು ಹಾಗೇ ಇದೆ ಅಂದುಕೊಳ್ಳಿ. ನಾವು ಹಿತ್ತಲಿನಿಂದ ಹೋಗೋಣ.

ಅಂಗಡಿಯ ಶಟರ್ ತೆಗೆದು, ಬೆಸುಗೆ ಮೇಜಿನ ಎಡಗಡೆ ಎರಡನೇ ಡ್ರಾಯರಿನಲ್ಲಿ ನೋಡಿ. ನೀಲಿ ಪೆನ್ ಡ್ರೈವ್ ಒಂದಿದೆ, ಕೆಂಪು ದಾರ ಕಟ್ಟಿದೆ. ಸತ್ತ ಯಂತ್ರಗಳನ್ನು ಎಬ್ಬಿಸಲೆಂದೇ ನಾನು ಮಾಡಿಟ್ಟುಕೊಂಡದ್ದು. ಅದನ್ನು ಚುಚ್ಚಿ, ಸ್ವಿಚ್ಚು ಹಾಕಿದ ಕೂಡಲೇ F12 ಕೀಲಿಯನ್ನು ಟಕಟಕ ಒತ್ತುತ್ತಾ ಹೋಗಿ. ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಪೆನ್ ಡ್ರೈವಿನ ಹೆಸರು ಆರಿಸಿ. ಕಂಪ್ಯೂಟರು ತನ್ನ ಕಾಲಿನ ಮೇಲೆ ಅಲ್ಲದೆ ಆ ಪೆನ್ ಡ್ರೈವಿನ ಕಾಲಿನ ಮೇಲೆ ಏಳುತ್ತದೆ.

ಒಂದೇ ಒಂದು ಎಚ್ಚರಿಕೆ. ಪಕ್ಕದ ರಸ್ತೆಯ ಕಂಪ್ಯೂಟರ್ ಅಂಗಡಿಯವನ ಕೈಗೆ ಮಾತ್ರ ಆ ಪೆಟ್ಟಿಗೆ ಕೊಡಬೇಡಿ. ಅವನಿಗೆ ಬರುವುದು ಒಂದೇ ವಿದ್ಯೆ, ಎಲ್ಲವನ್ನೂ ಒರೆಸಿ ಹೊಸದಾಗಿ ಹಾಕುವುದು. ಒಂದು ಗಂಟೆಯಲ್ಲಿ ಮುಗಿಸಿ ಕೊಡುತ್ತಾನೆ, ಅದರ ಜೊತೆ ನನ್ನನ್ನೂ ಮುಗಿಸಿರುತ್ತಾನೆ.

ಈಗ ಐದು ಗಂಟೆಯ ಎಣಿಕೆಗೆ ಹೋಗಬೇಕು. ದಿನಕ್ಕೆ ಮೂರು ಸಲ ನಮ್ಮನ್ನು ಎಣಿಸುತ್ತಾರೆ. ನಾನು ಮೂವತ್ತೇಳನೆಯವಳು.

ನಿಮ್ಮ
ಚಿಮಟಿ


ಮಾರ್ಚ್ 29

ಚಿ. ಚಿಮಟಿಗೆ ಆಶೀರ್ವಾದಗಳು.

ಪತ್ರ 19ಕ್ಕೆ ಸೇರಿತು. ಹೇಳಿದಂತೆ ಮಾಡಲು ಪ್ರಯತ್ನಿಸಿದೆ. ಎರಡನೇ ಡ್ರಾಯರಿನಲ್ಲಿ ಬರೀ ಸ್ಕ್ರೂಗಳು, ಒಂದು ಒಣಗಿದ ಅಂಟಿನ ಟ್ಯೂಬು, ನೀನು ಹತ್ತು ವರ್ಷದವಳಿದ್ದಾಗ ನಿಮ್ಮಮ್ಮನಿಂದ ಕದ್ದ ಹುಬ್ಬಿನ ಚಿಮಟ. ಇದರಿಂದಲೇ ಅಲ್ಲವೇ ನನ್ನ ಗೋಡೆ ಗಡಿಯಾರ ಬಿಚ್ಚಿದ್ದು, ಹೆಸರು ಬಂದದ್ದು. ಪೆನ್ ಡ್ರೈವ್ ಕಾಣಲಿಲ್ಲ.

ಅದಿಲ್ಲದೆಯೂ ಆಗುತ್ತದೇನೋ ಎಂದು ಕೀಲಿ ಒತ್ತಿ ನೋಡಿದೆ. F ಒತ್ತಿ, 1 ಒತ್ತಿ, 2 ಒತ್ತಿದೆ. ಬೆರಳು ನೋಯುವವರೆಗೆ ಒತ್ತಿದೆ. ಏನೂ ಆಗಲಿಲ್ಲ.

ನಿನ್ನ ತಮ್ಮ ಔಷಧಿ ಹಂಚುವ ಒಂದು ಕಂಪನಿಗೆ ಸೇರಿದ್ದಾನೆ. ಗಾಡಿ ಓಡಿಸುವ ಕೆಲಸಕ್ಕೆ ಹೆಚ್ಚು ಸಂಬಳವಿತ್ತಂತೆ, ಬೇಡವೆಂದು ಪೆಟ್ಟಿಗೆ ಕಟ್ಟುವ ಕೆಲಸ ಹಿಡಿದಿದ್ದಾನೆ. ಬಸ್ಸಿನಲ್ಲೇ ಓಡಾಡುತ್ತಾನೆ. ಈಚೆಗೆ ಅಡುಗೆಯೂ ಅವನದೇ. ಉಪ್ಪು ಒಮ್ಮೊಮ್ಮೆ ಮರೆಯುತ್ತಾನೆ, ನಾನು ಹೇಳುವುದಿಲ್ಲ.

ಮಂಡಿ ಹಾಗೆಯೇ ಇದೆ. ಈ ತಿಂಗಳೂ ಬರಲಾಗುತ್ತಿಲ್ಲ.

ಇಂತಿ,
ನಿನ್ನ ತಂದೆ


ಏಪ್ರಿಲ್ 8

ಅಪ್ಪ,

F12 ಅನ್ನುವುದು ಒಂದೇ ಕೀಲಿ. ಮೇಲಿನ ಸಾಲಿನಲ್ಲಿ ಬಲಗಡೆಗೆ ಇದೆ. ಈ ಒಂದು ಸಾಲು ನಿಮಗೆ ಹೇಳಲು ನನಗೆ ಒಂಬತ್ತು ದಿನ ಬೇಕು. ಅದು ಆಗಲಿಲ್ಲ ಎಂದು ನನಗೆ ಗೊತ್ತಾಗಲು ಇನ್ನೊಂಬತ್ತು ದಿನ. ಮನೆಯಲ್ಲಿದ್ದಿದ್ದರೆ ನಿಮ್ಮ ಹೆಗಲ ಮೇಲಿಂದ ಕೈ ಚಾಚಿ ಒತ್ತಿಬಿಡುತ್ತಿದ್ದೆ. ಇಲ್ಲಿ ಮೂರು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲದ ಜಾಗದಲ್ಲಿ ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದೇನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಕೀಲಿಮಣೆ ಬರೆದುಕೊಂಡು ನೀವು ಎಲ್ಲಿ ತಪ್ಪಬಹುದು ಅಂತ ನಾನೇ ಒತ್ತಿ ನೋಡುತ್ತೇನೆ. ಕಾವಲಿನವಳು ನೋಡಿದರೆ ಕಾಲಲ್ಲಿ ಒರೆಸುತ್ತೇನೆ.

ಪೆನ್ ಡ್ರೈವ್ ಮೂರನೇ ಡ್ರಾಯರಿನಲ್ಲೋ ತಂತಿಯ ಡಬ್ಬಿಯಲ್ಲೋ ಇರಬೇಕು. ಸಿಗದಿದ್ದರೆ ಪಕ್ಕದ ರಸ್ತೆಯವನ ಹತ್ತಿರ ಅಂಥದ್ದೇ ಹೊಸದೊಂದು ಮಾಡಿಸಿ, ಪೆಟ್ಟಿಗೆ ಮಾತ್ರ ಮನೆ ಬಿಟ್ಟು ಹೋಗಬಾರದು.

ಇನ್ನೊಂದು. ನೀವು ತೆಗೆದುಹಾಕಿದ ನಲವತ್ತೊಂದು ಫೈಲುಗಳ ಹೆಸರು ಸಿಕ್ಕರೆ, ಯಾವುದನ್ನು ಮೊದಲು ವಾಪಸ್ಸು ತರಬೇಕು ಅಂತ ಹೇಳಬಲ್ಲೆ. ನೀವು ಅದಕ್ಕೊಂದು ವಹಿ ಬರೆದೇ ಇರುತ್ತೀರಿ, ನನಗೆ ಗೊತ್ತು. ಅಮ್ಮನ ಹಳೇ ಸೀರೆಗಳನ್ನು ಕೊಟ್ಟಾಗಲೂ ಕ್ರಮಸಂಖ್ಯೆ, ಬಣ್ಣ, ಕಾರಣ, ಸಹಿ ಅಂತ ಗೆರೆ ಎಳೆದು ಬರೆದವರು ನೀವು. ಅದರ ನಕಲು ಕಳಿಸಿ.

ಎರಡು ತಿಂಗಳಾಯಿತು ನೀವು ಬಂದು. ಮಂಡಿಗೆ ಡಾಕ್ಟರಿಗೆ ತೋರಿಸಿದಿರಾ?

ಚಿಮಟಿ


ಏಪ್ರಿಲ್ 14

ಅಕ್ಕ,

ನಾನು ನಿನಗೆ ಬರೆಯುತ್ತಿರುವುದು ಇದೇ ಮೊದಲು. ಏನು ಬರೆಯಬೇಕೋ ತೋಚದೆ ನಾಲ್ಕು ಹಾಳೆ ಹರಿದೆ. ಇದು ಅಪ್ಪನ ವಿಷಯ, ಅದಕ್ಕೇ ಬರೆಯುತ್ತಿದ್ದೇನೆ.

ದಿನವಿಡೀ ಆ ಕೆಟ್ಟ ಕಂಪ್ಯೂಟರಿನ ಮುಂದೆ ಕೂತಿರುತ್ತಾರೆ. ಸ್ವಿಚ್ಚು ಕೂಡ ಹಾಕುವುದಿಲ್ಲ. ಕೇಳಿದರೆ ನೀನೇನೋ ಹುಡುಕಲು ಹೇಳಿದ್ದೀಯ ಅನ್ನುತ್ತಾರೆ, ಏನು ಅಂತ ಹೇಳುವುದಿಲ್ಲ. ಮೊನ್ನೆ ನಾನೇ ಪಕ್ಕದ ರಸ್ತೆಯ ಅಂಗಡಿಯವನನ್ನು ಕರೆದುಕೊಂಡು ಬಂದೆ. ಎಲ್ಲ ಒರೆಸಿ ಹೊಸದು ಹಾಕಿಕೊಟ್ಟರೆ ಅಪ್ಪನಿಗೂ ನೆಮ್ಮದಿ ಅಂತ. ಅಪ್ಪ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. "ಆ ಪೆಟ್ಟಿಗೆ ಮುಟ್ಟಿದ್ರೆ ಕೈ ಮುರೀತೀನಿ" ಅಂದರು. ನನ್ನ ಜನ್ಮದಲ್ಲಿ ನನಗೆ ಅಪ್ಪ ಗದರಿದ್ದು ಅದೇ ಮೊದಲು. ಅಂಗಡಿಯವನು ಹೋದ ಮೇಲೆ ನನ್ನ ಕೈ ಹಿಡಿದುಕೊಂಡು ಅತ್ತರು. ಯಾಕೆ ಅಂತ ನಾನು ಕೇಳಲಿಲ್ಲ.

ನಿನ್ನನ್ನು ನೋಡಲು ಬರಬೇಕು ಅಂತ ಪ್ರತಿ ತಿಂಗಳೂ ಟಿಕೆಟ್ ತೆಗೆಸುತ್ತೇನೆ. ರೈಲು ನಿಲ್ದಾಣದವರೆಗೂ ಹೋಗುತ್ತೇನೆ. ಕೆಲಸಕ್ಕೆ ಹೋಗಲು ಒಂದೇ ಬಸ್ಸು ಸಾಕು, ನಾನು ಎರಡು ಬಸ್ಸು ಬದಲಾಯಿಸಿಕೊಂಡು ಹೋಗುತ್ತೇನೆ. ಒಂದೇ ಬಸ್ಸಿನದು ಗೋದಾಮಿನ ರಸ್ತೆ.

ಇನ್ನೇನು ಬರೆಯಲಿ.

ನಿನ್ನ ತಮ್ಮ


ಏಪ್ರಿಲ್ 24

ಚಿ. ಚಿಮಟಿಗೆ ಆಶೀರ್ವಾದಗಳು.

ವಹಿಯ ನಕಲನ್ನು ಇದರೊಂದಿಗೆ ಲಗತ್ತಿಸಿದ್ದೇನೆ, ಎರಡು ಹಾಳೆ. ಮೂಲದಲ್ಲಿ ಹೇಗಿದೆಯೋ ಹಾಗೆಯೇ ಇಳಿಸಿದ್ದೇನೆ. ಅದನ್ನು ತಿದ್ದುವುದು ನನ್ನಿಂದಾಗದ ಕೆಲಸ.

ಪೆನ್ ಡ್ರೈವ್ ಇನ್ನೂ ಸಿಕ್ಕಿಲ್ಲ. ಹೊಸದು ಮಾಡಿಸಲು ಹೋಗಬೇಕು. ಬಿಸಿಲು ಜಾಸ್ತಿ.

ವಕೀಲರಮ್ಮ ಎದುರಿಗೆ ಸಿಕ್ಕಿದ್ದರು. ಹೊಸ ವಿಷಯ ಏನಾದರೂ ಇದೆಯೇ ಎಂದು ಕೇಳಿದರು. ನೋಡುತ್ತಿದ್ದೇನೆ ಎಂದೆ.

ಇಂತಿ,
ನಿನ್ನ ತಂದೆ


ಮೇ 5

ಅಪ್ಪ,

ಈ ಪತ್ರವನ್ನು ನಿಮಗಿಂತ ಮೊದಲು ಓದುವವರೊಬ್ಬರು ಇದ್ದಾರೆ. ಅದಕ್ಕೇ ಎಲ್ಲೂ ಯಾರ ಹೆಸರನ್ನೂ, ಸಂಬಂಧವನ್ನೂ ಬರೆಯುವುದಿಲ್ಲ. ನಿಮಗೆ ಅರ್ಥವಾಗುತ್ತದೆ.

ಪಟ್ಟಿ ಸಿಕ್ಕಿತು. ಮೂರು ದಿನ ಅದನ್ನು ಮಡಿಸಿ, ಬಿಚ್ಚಿ, ಮಡಿಸಿ, ಈಗ ಮಡಿಕೆಯಲ್ಲಿ ಹರಿಯುತ್ತಿದೆ. ನಲವತ್ತೊಂದು ಹೆಸರುಗಳಿವೆ. ಆದರೆ ಪಟ್ಟಿ ಎರಡರಿಂದ ಶುರುವಾಗಿ ನಲವತ್ತೆರಡಕ್ಕೆ ಮುಗಿಯುತ್ತದೆ. ಕ್ರಮಸಂಖ್ಯೆ ಒಂದರ ಎದುರು ಹೆಸರಿಲ್ಲ, ತಾರೀಖಿಲ್ಲ, ಕಾರಣವಿಲ್ಲ. ಖಾಲಿ ಗೆರೆ. ಜಾಣತನ ಮಾಡುವವರು ಆ ಗೆರೆಯನ್ನೇ ಬಿಟ್ಟು ಎರಡನ್ನು ಒಂದು ಮಾಡಿ ಬರೆಯುತ್ತಿದ್ದರು. ನಿಮಗೆ ಅದು ಬರುವುದಿಲ್ಲ.

ಇನ್ನೊಂದು ಮಾತು. ನೀವು ತೆಗೆದ ಫೈಲುಗಳನ್ನು ಕಂಪ್ಯೂಟರು ಸುಮ್ಮನೆ ತೆಗೆಯಲು ಬಿಡುವುದಿಲ್ಲ ಅಪ್ಪ. ಮೊದಲು, ನಿಮಗೆ ಅಧಿಕಾರವಿಲ್ಲ ಅನ್ನುತ್ತದೆ. ಬೇರೆ ಕಡೆ ಹೋಗಿ ಅದರ ಒಡೆತನವನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಬೇಕು. ಪಾಸ್‌ವರ್ಡ್ ಕೇಳುತ್ತದೆ. ಖಂಡಿತವೇ ಅಂತ ಕೇಳುತ್ತದೆ. ಒಂದೊಂದಕ್ಕೂ ಹೀಗೆ. F ಒತ್ತಿ, 1 ಒತ್ತಿ, 2 ಒತ್ತುವವರಿಗೆ ಆಗುವ ಕೆಲಸ ಅಲ್ಲ ಇದು. ನಾನು ಸಂಜೆ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುತ್ತಿದ್ದಾಗ ಒಂದು ಪುಸ್ತಕ ಬರೆದಿಟ್ಟಿದ್ದೆ, ಅದರಲ್ಲಿ 'ಇದನ್ನು ಎಂದೂ ಮಾಡಬೇಡಿ' ಅಂತ ಒಂದು ಪುಟ. ಏನು ಮಾಡಿದರೆ ಯಂತ್ರ ಸಾಯುತ್ತದೆ ಅಂತ ವಿವರವಾಗಿ ಬರೆದಿದ್ದೆ, ಮಕ್ಕಳಿಗೆ ಭಯ ಇರಲಿ ಅಂತ. ನಿಮ್ಮ ಪಟ್ಟಿಯ ಮೊದಲ ಒಂಬತ್ತು ಹೆಸರುಗಳು ಆ ಪುಟದಲ್ಲಿರುವ ಕ್ರಮದಲ್ಲೇ ಇವೆ. ಆ ಪುಸ್ತಕ ನಿಮ್ಮ ಮಂಚದ ತಲೆಯ ಕಡೆಯ ಕಪಾಟಿನಲ್ಲಿತ್ತು.

ನೀವು ವಿಡಿಯೊ ನೋಡಿದಿರಿ. ಮೊದಲು ಅದನ್ನೇ ತೆಗೆದಿರಿ. ಆಮೇಲೆ ನಾನು ಯಾವಾಗಲೋ ಹೇಳಿದ್ದು ನೆನಪಾಗಿರಬೇಕು, ಅಳಿಸಿದ್ದನ್ನು ತರಬಹುದು, ಯಂತ್ರ ನಡೆಯುತ್ತಿದ್ದರೆ ಸಾಕು ಅಂತ ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದೆನಲ್ಲ. ಅದಕ್ಕೇ ಯಂತ್ರವನ್ನೇ ಕೆಡವಿದಿರಿ.

ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿದೆ ಅಂದರೆ ನಿನ್ನೆ ಹೊಲಿಗೆ ಯಂತ್ರದ ಸೂಜಿ ಎರಡು ಮುರಿದೆ. ನನ್ನನ್ನು ಇಲ್ಲಿಟ್ಟದ್ದು ಕೋರ್ಟು. ಬಾಗಿಲನ್ನು ಇನ್ನೊಮ್ಮೆ ಹೊರಗಿನಿಂದ ಹಾಕಿದ್ದು ನೀವು. ಇಷ್ಟು ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕೀಲಿಮಣೆ ಬರೆದೆನಲ್ಲ, ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ಆ ಮಧ್ಯಾಹ್ನ ಅಂಗಡಿಯೊಳಗೆ ಹೆಜ್ಜೆ ಸಪ್ಪಳ ಕೇಳಿತ್ತು. ತಿರುಗಿ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಅಮ್ಮ ಹೋದ ಮೇಲೆ ನಾನು ನಡೆಯಲು ಕಲಿಸಿದ ಕಾಲು ಅದು, ಎಡಗಾಲು ಸ್ವಲ್ಪ ಎಳೆಯುತ್ತದೆ. ಕೋರ್ಟಿನಲ್ಲಿ ಯಾರೋ ಗೊತ್ತಿಲ್ಲ ಅಂದೆ. ತಾನಾಗಿ ಬಂದು ಹೇಳುತ್ತಾನೆ ಅಂದುಕೊಂಡಿದ್ದೆ. ಇವತ್ತು ಹೇಳುತ್ತಾನೆ, ಈ ವಾರ ಹೇಳುತ್ತಾನೆ. ಹದಿನಾಲ್ಕು ತಿಂಗಳು ಕಾದೆ. ಆಮೇಲೆ ಆ ಕೆಂಪು ದೀಪ ನೋಡಿದೆ. ಇನ್ನು ಕಾಯಲು ನನ್ನ ಕೈಲಾಗುವುದಿಲ್ಲ ಅನ್ನಿಸಿತು, ನಿಮಗೆ ಬರೆದೆ.

ಈಗ ಸರಿಯಾಗಿ ಕೇಳಿ. ಅಳಿಸಿದ ವಿಡಿಯೊ ಡಿಸ್ಕಿನಲ್ಲಿ ಹಾಗೇ ಕೂತಿರುತ್ತದೆ, ಅದರ ಮೇಲೆ ಬೇರೆ ಏನಾದರೂ ಬಂದು ಬೀಳುವವರೆಗೆ. ನೀವು ವಿಡಿಯೊ ಮಾತ್ರ ತೆಗೆದು ಸುಮ್ಮನಿದ್ದಿದ್ದರೆ, ದಿನಕ್ಕೆರಡು ಸಿನಿಮಾ ಬಿದ್ದು ಒಂದು ವಾರದಲ್ಲಿ ಅದು ಮಣ್ಣಾಗುತ್ತಿತ್ತು. ನೀವು ಯಂತ್ರವನ್ನೇ ಕೆಡವಿದ್ದರಿಂದ ಅದರೊಳಗೆ ಆ ದಿನದಿಂದ ಒಂದು ಅಕ್ಷರವೂ ಬಿದ್ದಿಲ್ಲ. ಕೊಲ್ಲಲು ಹೋಗಿ ನೀವೇ ಅದನ್ನು ಉಳಿಸಿದ್ದೀರಿ. ಒರೆಸಲು ಬಂದವನನ್ನು ಬಾಗಿಲಲ್ಲಿ ತಡೆದವರೂ ನೀವೇ ಅಂತೆ. ಯಾಕೆ ತಡೆದಿರಿ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ.

ನೀಲಿ ಪೆನ್ ಡ್ರೈವ್ ಎಲ್ಲಿದೆ ಅಂತ ನಿಮಗೆ ಗೊತ್ತು. ಅದನ್ನು ಚುಚ್ಚಿ, F12 ಒತ್ತಿ, ಅದರ ಮೇಲೆ ಎಬ್ಬಿಸಿ. 'ಹುಡುಕು' ಎಂಬ ಹಸಿರು ಚಿತ್ರ ಇರುತ್ತದೆ. ಒತ್ತಿದರೆ ಮೂರು ನಾಲ್ಕು ಗಂಟೆ ಹುಡುಕಿ, ಅಳಿಸಿದ್ದರ ಪಟ್ಟಿ ಕೊಡುತ್ತದೆ. ಬೇಕಾದ್ದನ್ನು ಆರಿಸಿದರೆ ವಾಪಸ್ಸು ತರಲೇ ಅಂತ ಒಂದೇ ಒಂದು ಸಲ ಕೇಳುತ್ತದೆ. ಅದು ಒಂದು ದಾರಿ. ಇನ್ನೊಂದು, ಪಕ್ಕದ ರಸ್ತೆಯವನನ್ನು ಕರೆಯುವುದು. ಒಂದು ಗಂಟೆ ಸಾಕು.

ವಕೀಲರಮ್ಮನಿಗೆ ನಾನು ಒಂದು ಸಾಲು ಬರೆದಿದ್ದರೆ ಅದು ತಲುಪಿದ ಮರುದಿನವೇ ಪೊಲೀಸರು ಬಂದು ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಿದ್ದರು. ಬರೆದಿಲ್ಲ. ಬರೆಯುವುದೂ ಇಲ್ಲ. ನಿಮ್ಮನ್ನು ಕಾಯುತ್ತೇನೆ, ಅಷ್ಟೇ. ಕಾಯುವುದು ನನಗೆ ಬರುತ್ತದೆ.

ಚಿಮಟಿ


ಮೇ 24

ಅಪ್ಪ,

ಉತ್ತರವಿಲ್ಲ. ಈ ಪತ್ರ ನಿಮ್ಮ ಕೈಗೆ ಬರುವ ಹೊತ್ತಿಗೆ ಆರು ದಿನ ಉಳಿದಿರುತ್ತದೆ.

ಇಲ್ಲಿ ಹೊಸ ಕೆಲಸ ಕೊಟ್ಟಿದ್ದಾರೆ, ದಿಂಬಿನ ಬದಲು ಪರದೆ. ಉದ್ದ ಹೊಲಿಗೆ, ಬೇಗ ಮುಗಿಯುವುದಿಲ್ಲ. ಮಂಡಿ ನೋಡಿಕೊಳ್ಳಿ.

ಚಿಮಟಿ


ಜೂನ್ 7

ಚಿಮಟಿ,

ಆಶೀರ್ವಾದ ಎಂದು ಬರೆಯಲು ಹೋಗಿ ಕೈ ತಡೆಯಿತು.

ನಿನ್ನ ಮೇ 5ರ ಪತ್ರವನ್ನು ಇಪ್ಪತ್ತು ದಿನ ಶರ್ಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ನೀನು ಬರೆದದ್ದೆಲ್ಲ ನಿಜ. ಮಂಡಿ ನೋವು ಸುಳ್ಳು. ಗಾಜಿನ ಆಚೆ ಕೂತು ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ.

ಫೆಬ್ರವರಿ 15ರಂದು ನಿನ್ನ ಪತ್ರ ಬಂದ ಅರ್ಧ ಗಂಟೆಗೇ ವಿಡಿಯೊ ನೋಡಿದ್ದೆ. ಜಾಗ ಬೇಕಾದಷ್ಟಿತ್ತು. ಅವನು ಒಳಗೆ ಬಂದ. ಕೊಕ್ಕೆಯಿಂದ ಕೀ ತೆಗೆದ. ಹೋಗುವ ಮುಂಚೆ ಗಲ್ಲಾಪೆಟ್ಟಿಗೆಯ ಮೇಲೆ ನೀನು ಇಟ್ಟಿದ್ದ ಪೊಟ್ಟಣದಿಂದ ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡ. ಎಲ್ಲೋ ಸುತ್ತಿ ಬರೋಣ ಅಂತ ಹೊರಟ ಹುಡುಗನ ಹಾಗೆ ಇದ್ದ. ನಲವತ್ತೆರಡು ನಿಮಿಷಕ್ಕೆ ವಾಪಸ್ಸು ಬಂದ. ಕೀಯನ್ನು ಅಂಗಿಯಲ್ಲಿ ಒರೆಸಿ ಕೊಕ್ಕೆಗೆ ಹಾಕಿದ. ಆಮೇಲೆ ನಿನ್ನ ಬೆನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದ. ಕರೆಯುತ್ತಾನೆ, ಈಗ ಅಕ್ಕ ಎಂದು ಕರೆಯುತ್ತಾನೆ ಎಂದು ನಾನು ಪರದೆಯ ಮುಂದೆ ಕಾದೆ. ಕರೆಯಲಿಲ್ಲ.

ಆಗ ನಾನು ಏನು ಅಂದುಕೊಂಡೆ ಎಂಬುದನ್ನು ನಿನಗೆ ಹೇಳಲೇಬೇಕು. ಇಬ್ಬರಲ್ಲಿ ಒಬ್ಬಳು ಆಗಲೇ ಒಳಗಿದ್ದಾಳೆ, ಅವಳಿಗೆ ಅಭ್ಯಾಸವಾಗಿದೆ, ಇನ್ನೊಬ್ಬನನ್ನು ಯಾಕೆ ಹಾಕುವುದು ಎಂದುಕೊಂಡೆ. ಈ ವಾಕ್ಯ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ಹೌದು. ಅವನ್ನೆಲ್ಲ ಅಳಿಸುವಾಗ ಕಂಪ್ಯೂಟರು ಪ್ರತಿಸಲವೂ ಕೇಳಿತು. ಪ್ರತಿಸಲವೂ ಖಂಡಿತ ಎಂದೆ. ವಹಿಯಲ್ಲಿ ಕ್ರಮಸಂಖ್ಯೆ ಒಂದು ಎಂದು ಬರೆದು ಕಾರಣದ ಕಾಲಮ್ಮಿಗೆ ಬಂದಾಗ ಮಾತ್ರ ಪೆನ್ನು ನಿಂತಿತು. ಕಾರಣ ಬರೆಯದೆ ಯಾವುದನ್ನೂ ನಾಶ ಮಾಡುವಂತಿಲ್ಲ. ಮೂವತ್ತನಾಲ್ಕು ವರ್ಷ ಹೊಸಬರಿಗೆ ನಾನೇ ಹೇಳಿಕೊಟ್ಟ ನಿಯಮ. ಪಕ್ಕದ ರಸ್ತೆಯವನು ಬಂದಾಗ ಯಾಕೆ ತಡೆದೆ ಎಂದು ಕೇಳಿದ್ದೀಯ. ಆ ಗೆರೆ ಇನ್ನೂ ಖಾಲಿ ಇತ್ತು, ಅದಕ್ಕೆ.

ನಾಲ್ಕನೇ ತಾರೀಖು ಅವನು ಕೆಲಸಕ್ಕೆ ಹೋದ ಮೇಲೆ ಪೆನ್ ಡ್ರೈವ್ ತೆಗೆದೆ. ಫೆಬ್ರವರಿಯಿಂದ ಅದು ನನ್ನ ಕನ್ನಡಕದ ಡಬ್ಬಿಯಲ್ಲಿತ್ತು. ನೀನು ಹೇಳಿದ ಹಾಗೆಯೇ ಎದ್ದಿತು. ಮೂರು ಗಂಟೆ ಐವತ್ತು ನಿಮಿಷ ಹುಡುಕಿತು. ನಾನು ಎದುರಿಗೇ ಕೂತಿದ್ದೆ, ಎದ್ದು ನೀರು ಸಹ ಕುಡಿಯಲಿಲ್ಲ. ಪಟ್ಟಿ ಬಂತು, ಅದರ ತಲೆಯಲ್ಲೇ ಆ ವಿಡಿಯೊ ಇತ್ತು. ವಾಪಸ್ಸು ತರಲೇ ಎಂದು ಕೇಳಿತು. ನೀನು ಹೇಳಿದಂತೆ ಒಂದೇ ಸಲ. ಖಂಡಿತ ಎಂದೆ, ಪೆನ್ ಡ್ರೈವಿಗೆ ಬಂತು.

ಆದರೂ ಮೂರು ದಿನ ಆ ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟುಕೊಂಡು ಅವನ ಜೊತೆ ಊಟ ಮಾಡಿದೆ, ಬಟ್ಟೆ ಒಣಹಾಕಿದೆ, ಅವನ ಅಂಗಿಯ ಗುಂಡಿ ಹೊಲಿದುಕೊಟ್ಟೆ. ಇವತ್ತು ಬೆಳಗ್ಗೆ ಹತ್ತಕ್ಕೆ ವಕೀಲರಮ್ಮನ ಕಚೇರಿಗೆ ಹೋಗಿ ಕೊಟ್ಟೆ. ಅವರು ನನ್ನೆದುರಿಗೇ ನೋಡಿದರು. ಒಂದು ಫಾರಂ ತುಂಬಬೇಕಿತ್ತು. ಸಾಕ್ಷ್ಯವನ್ನು ಹಾಜರುಪಡಿಸಿದವರು ಎಂಬಲ್ಲಿ ನನ್ನ ಹೆಸರು ಬರೆದೆ. ವಿಡಿಯೊದಲ್ಲಿರುವವರನ್ನು ಗುರುತಿಸಬಲ್ಲಿರಾ, ಸಂಬಂಧವೇನು ಎಂಬಲ್ಲಿ, ಬಲ್ಲೆ, ಮಗ ಎಂದು ಬರೆದೆ. ಅಳಿಸಿದ್ದು ನಾನೇ ಎಂದೂ ಬರೆದುಕೊಟ್ಟಿದ್ದೇನೆ. ಅದಕ್ಕೆ ಏನು ಬರುತ್ತದೋ ಬರಲಿ. ನೀನು ಹೊರಗೆ ಬರುವ ಆದೇಶ ಆಗುತ್ತದೆ ಎಂದು ಅವರಿಗೆ ನಂಬಿಕೆ ಇದೆ. ಸಂಜೆಯೊಳಗೆ ಪೊಲೀಸರು ಮನೆಗೆ ಬರಬಹುದು ಎಂದರು.

ಮನೆಗೆ ಬಂದು ವಹಿ ತೆಗೆದು ಕ್ರಮಸಂಖ್ಯೆ ಒಂದರ ಗೆರೆ ತುಂಬಿದೆ. ಕಡತದ ಹೆಸರು, ತಾರೀಖು ಬರೆದೆ. ಕಾರಣದ ಕಾಲಮ್ಮಿನಲ್ಲಿ, ತಪ್ಪಾಗಿ ತೆಗೆದದ್ದು, ಮರಳಿ ಸೇರಿಸಲಾಗಿದೆ ಎಂದು ಬರೆದು ಸಹಿ ಹಾಕಿದೆ.

ಈಗ ಹನ್ನೆರಡೂವರೆ. ಅವನಿಗೆ ಇವತ್ತು ಮಧ್ಯಾಹ್ನದ ಪಾಳಿ. ಅಡುಗೆ ಮುಗಿಸಿ, ತಟ್ಟೆ ಹಾಕಿಕೊಂಡು ಕೂತಿದ್ದಾನೆ. "ಬಾ ಅಪ್ಪ, ಆರೋಗುತ್ತೆ" ಎಂದು ಎರಡು ಸಲ ಕರೆದ. ಅಕ್ಕನಿಗೆ ಬರೆಯುತ್ತಿದ್ದೇನೆ, ನೀನು ಮಾಡು ಎಂದೆ. ಪೊಲೀಸರಿಗಿಂತ ಮೊದಲು ನಾನೇ ಹೇಳಬೇಕು, ಹೇಳುತ್ತೇನೆ. ಇಲ್ಲಿಂದ ಅವನ ಬೆನ್ನು ಕಾಣುತ್ತಿದೆ. ಹಸಿವಾಗಿರಬೇಕು, ತಲೆ ಎತ್ತದೆ ಉಣ್ಣುತ್ತಿದ್ದಾನೆ. ಹೇಳಬೇಕಾದದ್ದೆಲ್ಲ ಹೇಳಿಯಾಯಿತು ಚಿಮಟಿ, ಅವನ ಊಟ ಮುಗಿಯಲಿ ಎಂದು ಈ ಪತ್ರವನ್ನು ಉದ್ದ ಮಾಡುತ್ತಿದ್ದೇನೆ.

ನಿನ್ನ ಅಪ್ಪ